ಊದುದಾ, ಎಳೆಯುದಾ?

ಮೊನ್ನೆ ಆದಿತ್ಯವಾರ ನಮ್ಮ ಬೆಕ್ಕು ಅಟ್ಟದಲ್ಲಿ ಮರಿ ಹಾಕಿತು. ಎಲ್ಲಿ ಅಂತ ಟಾರ್ಚು ಹಿಡಿದು ಹುಡುಕಿದ್ರೆ ಅಪ್ಪ ಇರುವಾಗ ತಂದ ವ್ಯಾಕ್ಯೂಮ್ ಕ್ಲೀನರಿನ ರಟ್ಟಿನ ಪೆಟ್ಟಿಗೆಯೊಳಗೆ, ಉದ್ದದ ಪೈಪು ಸುರುಳಿ ಸುತ್ತಿ ಇಟ್ಟಿದ್ದೆವಲ್ಲ, ಅದರ ಮಧ್ಯ ಮೂರು ಮರಿ. ಪೆಟ್ಟಿಗೆ ಸಮೇತ ಇಳಿಸಿ ಜಗಲಿಯಲ್ಲಿ ಇಟ್ಟೆ, ಅದರ ಹಿಂದೆ ಇನ್ನೂ ಎರಡು ಮಿಷನ್ ಇತ್ತು, ಇರ್ಲಿ ಅಂತ ಅದನ್ನೂ ಇಳಿಸಿದೆ, ಅಷ್ಟೊತ್ತಿಗೆ ಸರಿಯಾಗಿ ಕೊಡೆ ಮಡಚಿಕೊಂಡು ಮಾಷ್ಟ್ರು ಬಂದ್ರು, ಹಿಂದೆಯೇ ಶಂಕರಣ್ಣ, ಇಬ್ರಾಯಿ. ನಮ್ಮದು ಕಾಸ್ರೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಮಳೆಗಾಲದ ಆದಿತ್ಯವಾರ ಸಂಜೆ ಕರೆಂಟು ಹೋಗುದು, ಈ ಮೂವರು ಬರುದು, ಎರಡೂ ಗ್ಯಾರಂಟಿ.

"ಎಂತದಿದು, ಗುಜರಿ ವ್ಯಾಪಾರ ಶುರು ಮಾಡಿದ್ದಾ?" ಅಂತ ಇಬ್ರಾಯಿ.

"ನೋಡು ನೋಡು, ಅದರಲ್ಲಿ ಒಂದು ನೀನೇ ದುಬಾಯಿಂದ ತಂದುಕೊಟ್ಟದ್ದು."

"ನಂದು ಡ್ರಮ್ಮಿನದ್ದಲ್ವಾ? ಇಲ್ಲಿ ಬರೇ ತಲೆ ಉಂಟು, ಮುಂಡ ಎಲ್ಲಿ?"

ಅದು ಆಮೇಲೆ ಹೇಳ್ತೇನೆ ಅಂದೆ, ಯಾಕಂದ್ರೆ ಮಾಷ್ಟ್ರು ಮೊದಲನೇದರ ಪೈಪನ್ನು ಎತ್ತಿ ಕಣ್ಣಿಗೆ ದುರ್ಬೀನಿನ ಹಾಗೆ ಹಿಡಿದು ನೋಡ್ಲಿಕ್ಕೆ ಶುರು ಮಾಡಿಯಾಗಿತ್ತು. ಅವರು ಹಿಸ್ಟ್ರಿ ಮಾಷ್ಟ್ರು, ರಿಟೈರ್ ಆದದ್ದು ಶಾಲೆಯಿಂದ ಮಾತ್ರ.

ಮೊದಲನೇದು ಬಂದದ್ದು 1989ರಲ್ಲಿ. ಆಗ ಟೈ ಕಟ್ಟಿಕೊಂಡು ಮನೆಮನೆಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರುದು ಅಂದ್ರೆ ಪೇಟೆಯಲ್ಲೆಲ್ಲ ಯುರೇಕಾ ಫೋರ್ಬ್ಸಿನವರ ಹೆಸರು, ಆ ಕಂಪೆನಿ 1982ರಲ್ಲಿ ಶುರುವಾದದ್ದು, ಆ ನಮೂನೆ ವ್ಯಾಪಾರಕ್ಕೇ ಪ್ರಸಿದ್ಧಿ. ನಮ್ಮಲ್ಲಿಗೆ ಬಂದವ ಅವರವನಲ್ಲ, ಯಾವ ಕಂಪೆನಿಯವ ಅಂತ ನಾನು ಹೇಳುದಿಲ್ಲ, ಆದ್ರೆ ಟೈ ಇತ್ತು. ಆ ಬಿಸಿಲಿಗೆ ಗುಡ್ಡೆ ಹತ್ತಿ ಟೈ ಕಟ್ಟಿ ಬಂದವನನ್ನು ನೋಡಿ ಅಮ್ಮ ಮೊದಲು ಬೆಲ್ಲ ನೀರು ಕೊಟ್ರು, ಕುಡಿದವ ಸೀದ ನಮ್ಮ ಹತ್ತಿ ಹಾಸಿಗೆಯ ಮೇಲೆ ಮಿಷನ್ ಓಡಿಸಿ, ಎಳೆದ ಹುಡಿಯನ್ನೆಲ್ಲ ಒಂದು ಬಿಳಿ ವಸ್ತ್ರದ ಮೇಲೆ ಸುರಿದು, "ನೋಡಿ ಮೇಡಂ, ಇಷ್ಟರ ಮೇಲೆ ನೀವು ಮಲಗುದು" ಅಂದ.

ಅಮ್ಮನ ಮುಖ ನೋಡ್ಬೇಕಿತ್ತು. ನೀರು ಕೊಟ್ಟವರ ಹಾಸಿಗೆಯ ಮಾನ ಹೀಗೆ ಜಗಲಿಯಲ್ಲಿ ಹರಡುದಾ? ಅದೇ ಹೊತ್ತಿಗೆ ಆಚೆ ಮನೆ ಅತ್ತೆಯೂ ಬಂದು ನಿಂತಿದ್ರು. ಮರ್ಯಾದೆ ಪ್ರಶ್ನೆ ಅಂತ ಅಮ್ಮ ಒಳಗೆ ಹೋಗಿ ಅಪ್ಪನಿಗೆ, "ತೆಕ್ಕೊಂಡು ಅವನನ್ನು ಕಳಿಸಿ ಒಮ್ಮೆ" ಅಂದ್ರು. ಅಪ್ಪನಿಗೆ ದಮ್ಮು ಬೇರೆ ಇತ್ತು, ಹುಡಿ ಕಮ್ಮಿಯಾದ್ರೆ ಒಳ್ಳೇದು ಅಂತ ಕಂಡಿತು. ಕಂತು ಮುಗಿಯುವಷ್ಟಕ್ಕೆ ಎಷ್ಟು ಕಿಲೊ ಅಡಿಕೆ ಹೋಗ್ತದೆ ಅಂತ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ, ಕೊನೆಗೆ ಅವನಿಗೊಂದು ಪ್ರಶ್ನೆ ಹಾಕಿದ್ರು: "ಇದರಲ್ಲಿ ಸ್ಪ್ರೇ ಉಂಟು ಅಂದ್ರಲ್ಲ, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡ್ಲಿಕ್ಕೆ ಆಗ್ತದಾ?"

ಅವ ಪಾಪ ಆಗ್ತದೆ ಅಂತಲೇ ಹೇಳಿದ. ಅವನಿಗೆ ಕೊಳೆರೋಗ ಅಂದ್ರೆ ಎಂತ ಅಂತ ಗೊತ್ತಿದ್ರಲ್ವಾ!

"ನಮ್ಮಲ್ಲಿ ಆಗ ವೋಲ್ಟೇಜು ಎಂತ ಇತ್ತು ಮಣ್ಣು" ಅಂದ ಶಂಕರಣ್ಣ. ಅವ ಊರಿಗೆಲ್ಲ ವಯರಿಂಗ್ ಮಾಡುವವ. "ಸಂಜೆ 7 ಗಂಟೆಗೆ ನಾನೇ ಮೀಟರ್ ಇಟ್ಟು ನೋಡಿದ್ದೇನೆ, 230 ಇರ್ಬೇಕಾದಲ್ಲಿ 140."

ಹೌದು, ಬಲ್ಬು ಕಾಲುದೀಪದ ಹಾಗೆ ಉರಿಯುವ ಕಾಲ. ಮಿಷನ್ ಹಾಕಿದ್ರೆ ಹಟ್ಟಿಯ ಎಮ್ಮೆ ಹಾಗೆ "ಹೂಂ" ಅಂತಿತ್ತು, ಒಂದು ಅಕ್ಕಿ ಕಾಳು ಸಹ ಎಳೀತಿರ್ಲಿಲ್ಲ. ಹಾಗಾಗಿ ಮಧ್ಯಾಹ್ನ ಊಟ ಆದ ಮೇಲೆ ಮಾತ್ರ ಓಡಿಸುದು. ಅಮ್ಮ ಅದಕ್ಕೆ ವೆಂಕಮ್ಮ ಅಂತ ಹೆಸರಿಟ್ಟಿದ್ರು, ವ್ಯಾಕ್ಯೂಮ್ ಅಂತ ನಾಲಗೆ ತಿರುಗುದಿಲ್ಲ ಅಂತ. ವೆಂಕಮ್ಮ ಹೊರಗೆ ಬರುವ ಮೊದಲು ಅಮ್ಮ ಹಿಡಿಸೂಡಿ ಹಿಡಿದು ಇಡೀ ಮನೆ ಗುಡಿಸ್ತಿದ್ರು. ಯಾಕಮ್ಮ ಅಂತ ಕೇಳಿದ್ರೆ, "ಸುರುವಿಗೆ ಹಾಸಿಗೆಯ ವಿಷಯದಲ್ಲಿ ಮಾನ ತೆಗೆದದ್ದು ಸಾಕಾಗ್ಲಿಲ್ವಾ?"

ಅಪ್ಪನಿಗೆ ಎರಡೇ ತಿಂಗಳಲ್ಲಿ ಒಂದು ಸಂಗತಿ ಗೊತ್ತಾಯ್ತು, ಪೈಪನ್ನು ಎದುರಿಂದ ತೆಗೆದು ಹಿಂದೆ ಸಿಕ್ಕಿಸಿದ್ರೆ ಅದು ಎಳೆಯುವ ಬದಲು ಊದ್ತದೆ. ಅಲ್ಲಿಗೆ ವೆಂಕಮ್ಮನಿಗೆ ಮನೆಯೊಳಗಿನ ಕೆಲಸದಿಂದ ವರ್ಗ ಆಯ್ತು. ಮಾರ್ಚಿನಲ್ಲಿ ಒಳ್ಳೆಮೆಣಸು, ಅಂದ್ರೆ ಕಾಳುಮೆಣಸು, ಒಣಗಿಸಿ ಅಂಗಳದಲ್ಲಿ ರಾಶಿ ಹಾಕಿದ್ದೆವು, ಗಾಳಿಗೆ ಹಿಡಿದು ಜೊಳ್ಳು ಬೇರೆ ಮಾಡ್ಲಿಕ್ಕೆ ಎರಡು ಹೆಣ್ಣಾಳು ಹೇಳಿ ಆಗಿತ್ತು. ಅಪ್ಪ ಅವರನ್ನು ಬರ್ಬೇಡಿ ಅಂದು, ಕಿಟಕಿಯಿಂದ ವಯರು ಎಳೆದು, ಒಂದು ಕೈಯಲ್ಲಿ ಗೆರಸೆ ಒಂದು ಕೈಯಲ್ಲಿ ಪೈಪು ಹಿಡಿದು ಸ್ವಿಚ್ ಹಾಕು ಅಂದ್ರು. ನಾನು ಹಾಕಿದೆ. ಮಧ್ಯಾಹ್ನ, ವೋಲ್ಟೇಜು ಫುಲ್.

ಜೊಳ್ಳು ಹೋಯ್ತು. ಅದರ ಹಿಂದೆ ಮೆಣಸೂ ಹೋಯ್ತು. ಸಿಪ್ಪೆಯ ಹುಡಿ ಕಪ್ಪು ಮೋಡದ ಹಾಗೆ ಎದ್ದು ಜಗಲಿ ದಾಟಿ ಚಾವಡಿಗೆ ನುಗ್ಗಿತು, ಒಳಗೆ ಅಜ್ಜಿ ನಿದ್ದೆಯಲ್ಲಿದ್ದವರು ಎದ್ದು ಕೂತು ಲೆಕ್ಕ ಇಟ್ಟು ಹನ್ನೊಂದು ಸೀನಿದ್ರು, ನಾಯಿ ಸೀನಿತು, ಕಟ್ಟಿದ ದನ ಹಗ್ಗ ಹರಿಯಿತು. ದಮ್ಮಿಗೆ ಅಂತ ತಂದ ಮಿಷನ್ನಿನಿಂದಲೇ ಅಪ್ಪ ಮೂರು ದಿನ ಮಲಗಿದ್ರು. ಮೆಣಸು ಮಂಚದಡಿ, ಕಪಾಟಿನಡಿ, ದೇವರ ಕೋಣೆಯಲ್ಲಿ ವರ್ಷಗಟ್ಟಲೆ ಸಿಗ್ತಾ ಇತ್ತು.

ಮಾಷ್ಟ್ರು ತೊಡೆ ತಟ್ಟಿದ್ರು. "ನಿನ್ನ ಅಪ್ಪ ಹಿಸ್ಟ್ರಿಯನ್ನೇ ಹಿಂದೆ ತಿರುಗಿಸಿದ್ದಾರೆ ಮಾರಾಯ! ಇದು ಶುರುವಾದದ್ದೇ ಹಾಗೆ. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಅಂತ ಒಬ್ಬ ಇಂಜಿನಿಯರು, ಅಮೇರಿಕದವ ಒಬ್ಬ ಹುಡಿ ಊದುವ ಮಿಷನ್ ತೋರಿಸುದನ್ನು ನೋಡ್ಲಿಕ್ಕೆ ಹೋದ. ಊದಿದ್ರೆ ಹುಡಿ ಆಚಿಂದ ಈಚೆ ಬರ್ತದೆ ಅಷ್ಟೆ, ಎಳೆದ್ರೆ ಎಂತ ಅಂತ ಕೇಳಿದ. ಅದು ಆಗುದೇ ಇಲ್ಲ ಅಂದ್ರಂತೆ. ಇವ ಹೋಟೆಲಿನಲ್ಲಿ ಕುರ್ಚಿಯ ಮೆತ್ತೆ ಮೇಲೆ ಕರ್ಚೀಪು ಇಟ್ಟು, ಅದಕ್ಕೆ ಬಾಯಿ ಕೊಟ್ಟು ಜೋರು ಎಳೆದು ನೋಡಿದ. ಕರ್ಚೀಪಿನ ಅಡಿಯಲ್ಲಿ ಹುಡಿ ಕೂತಿತ್ತು. ಅಲ್ಲಿಂದಲೇ ಇದೆಲ್ಲ."

"ಬಾಯಿಯಿಂದ?" ಅಂದ ಶಂಕರಣ್ಣ. ಅವನಿಗೆ ಯಾವುದನ್ನೂ ಟೆಸ್ಟ್ ಮಾಡದೆ ನಂಬಿ ಅಭ್ಯಾಸ ಇಲ್ಲ. ಹೆಗಲ ಮೇಲಿನ ಬೈರಾಸು ತೆಗೆದು ನಮ್ಮ ಕುರ್ಚಿಯ ಕುಶನ್ನಿನ ಮೇಲೆ ಹಾಸಿ, ಮಂಡಿಯೂರಿ ಒಂದು ಎಳೆತ ಎಳೆದ. ಎರಡು ನಿಮಿಷ ಕೆಮ್ಮಿದ. ಬೈರಾಸಿನಲ್ಲಿ ಒಂದು ರುಪಾಯಿ ನಾಣ್ಯದಷ್ಟು ಅಗಲ ಕೆಂಪು ಗುರುತು.

"ಸತ್ಯ" ಅಂದ.

ಒಳಗಿಂದ ಅಮ್ಮ, "ಆ ಕುಶನ್ ನಾನು ನಿನ್ನೆ ಕೊಡವಿದ್ದು!"

ಬೂತ್‌ನ ಮಿಷನ್ ಕುದುರೆ ಗಾಡಿಯಲ್ಲಿ ಬರ್ತಿತ್ತಂತೆ, ಗಾಡಿ ಮಾರ್ಗದಲ್ಲಿ ನಿಲ್ಲುದು, ಪೈಪು ಮಾತ್ರ ಕಿಟಕಿಯಿಂದ ಮನೆಯೊಳಗೆ ಹೋಗುದು. 1902ರಲ್ಲಿ ಏಳನೇ ಎಡ್ವರ್ಡಿನ ಪಟ್ಟಾಭಿಷೇಕಕ್ಕೆ ಮೊದಲು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ಟು ಗುಡಿಸಿದ್ದೂ ಅದೇ. ಮನೆಯೊಳಗೆ ಹಿಡಿದು ಓಡಾಡುವಂಥದ್ದನ್ನು ಮಾಡಿದ್ದು ಅಮೇರಿಕದ ಸ್ಪ್ಯಾಂಗ್ಲರ್ ಅಂತ ಒಬ್ಬ, ಒಂದು ಅಂಗಡಿಯಲ್ಲಿ ಕಸ ಗುಡಿಸುವ ಕೆಲಸದವ, ನನ್ನ ಅಪ್ಪನ ಹಾಗೆ ದಮ್ಮು ಇದ್ದವ. ಫ್ಯಾನಿನ ಮೋಟರು, ಕಸಪೊರಕೆಯ ಕೋಲು, ಹುಡಿ ತುಂಬ್ಲಿಕ್ಕೆ ತಲೆದಿಂಬಿನ ಕವರು. 1908ರಲ್ಲಿ ಪೇಟೆಂಟ್ ಸಿಕ್ಕಿತು, ಅದನ್ನು ತೆಕ್ಕೊಂಡವ ಹೂವರ್ ಅಂತ ಚರ್ಮದ ಸಾಮಾನಿನ ವ್ಯಾಪಾರಿ, ಹೆಸರು ಉಳಿದದ್ದು ಅವಂದು.

"ತಲೆದಿಂಬಿನ ಕವರಾ? ಹೆಂಡತಿ ಬೈಯ್ಲಿಲ್ವಾ ಅವನಿಗೆ?" ಅಂತ ಅಮ್ಮ ಚಾ ತಂದ್ರು. ಬೈಯ್ಲಿಕ್ಕೆ ಅಮ್ಮನಿಗೇ ಬಾಯಿಲ್ಲ, ನಮ್ಮ ವೆಂಕಮ್ಮನ ಚೀಲ ಹರಿದಾಗ ಅಮ್ಮ ಹೊಲಿದದ್ದು ಅಪ್ಪನ ಹಳೇ ಪಂಚೆಯಿಂದ. ನೋಡ್ಲಿಕ್ಕೆ ಲಾಯ್ಕ ಆಗಿತ್ತು. ಆದ್ರೆ ಪಂಚೆಯ ನೇಯ್ಗೆ ವಿರಳ, ಮುರಕಲ್ಲಿನ ನುಣ್ಣಗಿನ ಕೆಂಪು ಹುಡಿ ಎದುರಿಂದ ಹೋಗಿ ಹಿಂದಿಂದ ಬರ್ತಿತ್ತು. ಗುಡಿಸಿದ ಕೋಣೆಗೆ ತೆಳ್ಳಗೆ ಕುಂಕುಮ ಚೆಲ್ಲಿದ ಹಾಗೆ.

ಆಮೇಲೆ ಅದು ನಿಂತೇ ಹೋಯ್ತು, ರಿಪೇರಿಗೆ ಕಾಸ್ರೋಡಿಗೆ ಅಪ್ಪನೇ ತೆಕ್ಕೊಂಡು ಹೋದ್ರು. ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ, ಆದ್ರೆ ಅಪ್ಪನ ಮಲಯಾಳ ಬಸ್ಸಿನ ಬೋರ್ಡು ಓದುವಷ್ಟಕ್ಕೇ ನಿಂತಿತ್ತು. ಅಂಗಡಿಯವನ ಹತ್ರ ಹೋಗಿ ಗಟ್ಟಿಯಾಗಿ, "ಪೊಡಿ ವಲಿಕ್ಕುನ್ನಿಲ್ಲ" ಅಂದ್ರು. ಹುಡಿ ಎಳೆಯುದಿಲ್ಲ ಅಂತ ಲೆಕ್ಕ.

ಇಬ್ರಾಯಿ ಚಾ ಕಕ್ಕಿದ. ಮಲಯಾಳದಲ್ಲಿ ಪೊಡಿ ಅಂದ್ರೆ ಹುಡಿಯೂ ಹೌದು ನಸ್ಯವೂ ಹೌದು, ಪೊಡಿ ವಲಿ ಅಂದ್ರೆ ನಸ್ಯ ಎಳೆಯುದು. ಮಿಷನ್ ಇನ್ನೂ ಚೀಲದಲ್ಲೇ ಇತ್ತು. ಅಂಗಡಿಯವ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಒಳ್ಳೇ ಅಭ್ಯಾಸ, ಆರೋಗ್ಯಕ್ಕೆ ಒಳ್ಳೇದು ಅಂದನಂತೆ.

ಎರಡನೇದರದ್ದು ಸಣ್ಣ ಕಥೆ. 1998ರಲ್ಲಿ ಅಮೇರಿಕದಿಂದ ಭಾವ ತಂದದ್ದು, ಚಂದ ಅಂದ್ರೆ ಚಂದ, ಹಸಿರು ಬಣ್ಣ. ಪಿನ್ನು ಚಪ್ಪಟೆ, ನಮ್ಮ ಸಾಕೆಟ್ಟಿಗೆ ಹೋಗುದಿಲ್ಲ. ನಾನು ಪಿನ್ನು ಕತ್ತರಿಸಿ, ವಯರಿನ ತುದಿ ಸುಲಿದು, ತೂತಿಗೆ ಹಾಕಿ ಬೆಂಕಿಕಡ್ಡಿ ಸಿಕ್ಕಿಸಿ ಸ್ವಿಚ್ ಹಾಕಿದೆ. ಬಜಪೆಯಿಂದ ವಿಮಾನ ಎದ್ದ ಹಾಗೆ ಒಂದು ಸ್ವರ, ನಮ್ಮ ಹತ್ತು ಸೆಕೆಂಡಿನ ಆನಂದ, ಆಮೇಲೆ ನೀಲಿ ಹೊಗೆ.

"ಅಲ್ಲಿ 120 ವೋಲ್ಟು" ಅಂದ ಶಂಕರಣ್ಣ, "ಇಲ್ಲಿ 230. ಕಾಲು ಕುಪ್ಪಿ ಕುಡಿಯುವವನಿಗೆ ಅರ್ಧ ಕುಪ್ಪಿ ಒಂದೇ ಗುಟುಕಿಗೆ ಹೊಯ್ದ ಹಾಗೆ. ಆದ್ರೆ ಒಂದು ನೋಡು, ಇದೇ ಮಿಷನ್ 89ರಲ್ಲಿ ಬಂದಿದ್ರೆ ನಿಮ್ಮಲ್ಲಿ ಸಂಜೆ 7 ಗಂಟೆಗೆ ಲಾಯ್ಕದಲ್ಲಿ ಓಡ್ತಿತ್ತು!"

ಅದು ನನಗೆ ಇಷ್ಟು ವರ್ಷ ಹೊಳೆದೇ ಇರ್ಲಿಲ್ಲ. ನಡುವೆ ಹೊಸ ಟ್ರಾನ್ಸ್‌ಫಾರ್ಮರ್ ಬಂದು ವೋಲ್ಟೇಜು ಸರಿಯಾದದ್ದೇ ಎಡವಟ್ಟಾದದ್ದು.

"ಈಗ ನಂದು ಹೇಳು" ಅಂದ ಇಬ್ರಾಯಿ. "ನಂದಕ್ಕೆ ವೋಲ್ಟೇಜಿನ ರಗಳೆ ಇಲ್ಲ, ದುಬಾಯಲ್ಲೂ ಇಲ್ಲಿನಷ್ಟೇ, ಪಿನ್ನು ಮಾತ್ರ ಚೌಕ, ಅದಕ್ಕೆ ಅಡಾಪ್ಟರೂ ಕೊಟ್ಟಿದ್ದೆ. ಹುಡಿಯೂ ಎಳೀತದೆ ನೀರೂ ಎಳೀತದೆ, 20 ಲೀಟರು."

ಅದೇ ಕಷ್ಟ ಆದದ್ದು. ಮಗನ ಉಪನಯನದ ದಿನ ಚಾವಡಿಯಲ್ಲಿ ಬಡಿಸುವವ ಜಾರಿ ಒಂದು ಬಕೆಟು ಕಡ್ಲೆಬೇಳೆ ಪಾಯಸ ನೆಲಕ್ಕೆ. ಎಲೆ ಹಾಕಿ ಜನ ಕೂತಾಗಿದೆ. ಅಲ್ಲಿದ್ದ ಇದೇ ಇಬ್ರಾಯಿ, "ತಾ ನನ್ನ ಮಿಷನ್" ಅಂತ ಬೊಬ್ಬೆ ಹಾಕಿದ. ತಂದೆವು, ಎಳೆಯಿತು ನೋಡಿ, ಸೊರ್ರಂತ, ಬೇಳೆ, ದ್ರಾಕ್ಷೆ, ಬೀಜದಬೊಂಡು, ಒಂದು ಬಾಳೆ ಎಲೆಯ ತುಂಡು ಎಲ್ಲ ಒಳಗೆ. ಊಟಕ್ಕೆ ಕೂತವರೆಲ್ಲ ಬಗ್ಗಿ ನೋಡ್ತಿದ್ರು, ಹೋಳಿಗೆಗೆ ಸಿಗದ ಮರ್ಯಾದೆ ಆ ಡ್ರಮ್ಮಿಗೆ ಸಿಕ್ಕಿತು. ಆಮೇಲೆ ಸ್ವರ ಒಮ್ಮೆಲೇ ಕೀರಲಾಯ್ತು, ಎಳೆತ ನಿಂತಿತು. ಒಳಗೊಂದು ತೇಲುವ ಬಾಲು ಇರ್ತದೆ, ಡ್ರಮ್ಮು ತುಂಬಿದ್ರೆ ಮೋಟರಿಗೆ ನೀರು ಹೋಗದ ಹಾಗೆ ಬಾಯಿ ಮುಚ್ಚುದು. ಇಪ್ಪತ್ತು ಲೀಟರ್ ತುಂಬಿರ್ಲಿಲ್ಲ, ಪಾಯಸದ ನೊರೆ ಬಾಲನ್ನು ಎತ್ತಿದ್ದು ಅಂತ ಶಂಕರಣ್ಣನ ಅಭಿಪ್ರಾಯ. ಒದ್ದೆ ಎಳೆಯುವ ಮೊದಲು ಫಿಲ್ಟರ್ ತೆಗೀಬೇಕು ಅಂತ ಇಬ್ರಾಯಿಗೆ ನೆನಪಾದದ್ದು ಆಗ.

ನೆಂಟರ ಗೌಜಿಯಲ್ಲಿ ಅದನ್ನು ಒಯ್ದು ಹಿಂದಿನ ಜಗಲಿಯಲ್ಲಿ ಇಟ್ಟು ಮರೆತೆವು. ನಾಲ್ಕನೇ ದಿನ ಮುಚ್ಚಳ ತೆಗೆದದ್ದು ನಾನು. ಆ ವಾಸನೆಯ ಬಗ್ಗೆ ನಾನು ಹೆಚ್ಚು ಹೇಳುದಿಲ್ಲ, ಚಾ ಕುಡೀತಾ ಇದ್ದೀರಿ. ಮೋಟರಿನ ತಲೆ ಅಟ್ಟಕ್ಕೆ ಹೋಯ್ತು, ಡ್ರಮ್ಮು ತೊಳೆದು ಹಟ್ಟಿಗೆ ಹೋಯ್ತು, ಅದರಲ್ಲೇ ದನಕ್ಕೆ ಅಕ್ಕಚ್ಚು, ಅಕ್ಕಿ ತೊಳೆದ ನೀರು, ಕೊಡುದು ಈಗಲೂ, ಚಕ್ರ ಇದೆಯಲ್ಲ, ದೂಡಿಕೊಂಡು ಹೋಗ್ಲಿಕ್ಕೆ ಬಾರೀ ಸುಲಭ.

"ದುಬಾಯಿ ಡ್ರಮ್ಮಿನಲ್ಲಿ ಅಕ್ಕಚ್ಚು!" ಅಂತ ಇಬ್ರಾಯಿ ಹಣೆ ಬಡಿದುಕೊಂಡ.

ಅಷ್ಟೊತ್ತಿಗೆ ಮೂಲೆಯಲ್ಲಿ "ಟುಂಯ್" ಅಂತ ಒಂದು ಸದ್ದು. ನಾಲ್ಕನೇದು, ಬೆಂಗ್ಳೂರಿಂದ ಮಗ ಕಳಿಸಿದ ರೋಬೋಟು. ದಿನಾ ಸಂಜೆ ಆರಕ್ಕೆ ಅದರಷ್ಟಕ್ಕೇ ಹೊರಡುದು, ಚಾರ್ಜಿನಲ್ಲಿ ಓಡುದಾದ್ರಿಂದ ಕರೆಂಟಿಲ್ಲದ್ದು ಅದಕ್ಕೆ ಗೊತ್ತೇ ಆಗುದಿಲ್ಲ. ಅಮ್ಮ ಇದಕ್ಕೆ ಇಟ್ಟ ಹೆಸರು ಆಮೆ. ನಮ್ಮ ಚಾವಡಿಯದ್ದು ಕಾವಿ ನೆಲ, ಸುತ್ತ ಒಂದು ಗೇಣಗಲ ಕಪ್ಪು ಪಟ್ಟಿ ಉಂಟು, ಅಜ್ಜನ ಕಾಲದ್ದು. ಆಮೆ ಕೆಂಪು ನೆಲದಲ್ಲಿ ರಾಜನ ಹಾಗೆ ಹೋಗಿ ಕಪ್ಪು ಪಟ್ಟಿಯ ಹತ್ರ ಬಂದದ್ದೇ ಗಕ್ಕನೆ ನಿಂತು ಹಿಂದೆ ತಿರುಗ್ತದೆ.

"ಅದರ ಹೊಟ್ಟೆಯಡಿ ಕಣ್ಣಿಗೆ ಕಾಣದ ಲೈಟುಂಟು" ಅಂದ ಶಂಕರಣ್ಣ. "ನೆಲಕ್ಕೆ ಬಿದ್ದು ವಾಪಾಸು ಬಂದ್ರೆ ನೆಲ ಇದೆ ಅಂತ ಲೆಕ್ಕ. ಕಪ್ಪು ಬಣ್ಣ ಆ ಬೆಳಕನ್ನು ನುಂಗ್ತದೆ, ವಾಪಾಸು ಬರ್ಲಿಲ್ಲಾದ್ರೆ ಮೆಟ್ಟಿಲು, ಬೀಳ್ತೇನೆ ಅಂತ ಹೆದ್ರಿಕೆ."

"ನಮ್ಮಜ್ಜ ಹಾಕಿಸಿದ ಲಕ್ಷ್ಮಣರೇಖೆ" ಅಂದೆ.

ಅಮ್ಮ ಹಿಡಿಸೂಡಿ ಹಿಡಿದು ಬಂದ್ರು. ಆಮೆಯ ಎದುರೆದುರು ಗುಡಿಸಿಕೊಂಡು ಹೋಗಿ, ಪಟ್ಟಿ ಬಂದಲ್ಲಿ ಅದನ್ನು ಎರಡೂ ಕೈಯಿಂದ ಎತ್ತಿ ಆಚೆ ಕೋಣೆಯಲ್ಲಿ ಮೆಲ್ಲ ಇಟ್ರು, ಪುನಃ ಎದುರು ಗುಡಿಸ್ಲಿಕ್ಕೆ ಶುರು.

"ಅಮ್ಮಾ, ನೀವು ಗುಡಿಸಿದ ಮೇಲೆ ಅದಕ್ಕೆಂತ ಕೆಲಸ?" ಅಂತ ಮಾಷ್ಟ್ರು.

"ಸರಿ ಗುಡಿಸಿದ್ದೇನಾ ಅಂತ ನೋಡಿಕೊಂಡು ಬರ್ತದೆ, ಪಾಪ. ಮಂಚದಡಿ ಬಗ್ಗುದು ನನ್ನಿಂದ ಆಗುದಿಲ್ಲ, ಅಲ್ಲಿಗೆ ಮಾತ್ರ ಅದೇ."

ಆಮೆ ಮಂಚದಡಿಯಿಂದ ಬಂತು. ನಾನು ಅದರ ಹುಡಿಯ ಡಬ್ಬಿ ತೆಗೆದು ಪೇಪರಿನ ಮೇಲೆ ಕೊಡವಿದೆ: ಒಂದಿಷ್ಟು ಕೂದಲು, ಗಂಧದ ಕಡ್ಡಿಯ ತುದಿ, ಮತ್ತೆ ಒಂದು ಕಪ್ಪು ಗುಂಡು. ಒಳ್ಳೆಮೆಣಸು. ಮುದುಡಿ ಕಲ್ಲಿನ ಹಾಗಾಗಿತ್ತು.

"ಹ್ಞಾ, ಅದು ಅಪ್ಪ ಊದಿದ್ದು" ಅಂದ್ರು ಅಮ್ಮ, ನೋಡಿದ ಕೂಡಲೇ.

"ಅಷ್ಟು ವರ್ಷ ಮಂಚದಡಿ ಇರ್ಲಿಕ್ಕುಂಟಾ?" ಅಂತ ಮಾಷ್ಟ್ರು ಕನ್ನಡಕ ಹಾಕಿಕೊಂಡ್ರು. ಅವರು ಕಾಲನಿರ್ಣಯ ಮಾಡುವ ಮೊದಲೇ ಶಂಕರಣ್ಣ ಅದನ್ನೆತ್ತಿ ಅದೇ ಬೈರಾಸಿಗೆ ಒರೆಸಿ ಬಾಯಿಗೆ ಹಾಕಿ ಕಟುಂ ಅಂತ ಕಡಿದ. ನಾವೆಲ್ಲ ಅವನ ಮುಖ ನೋಡಿದೆವು. ಕಣ್ಣು ಮುಚ್ಚಿದ, ಮೂಗು ಅರಳಿಸಿದ, ಇಬ್ರಾಯಿ ತನ್ನ ಚಾ ಗ್ಲಾಸನ್ನು ಕೈಯಿಂದ ಮುಚ್ಚಿದ.

"ಖಾರ ಉಂಟು ಮಾರಾಯ" ಅಂದವನೇ ಸೀನಿದ.