ರೂಟ್ ತುಂಬ್ಯಾದ, ಹೋಮ್ ಪೂರಾ ಖಾಲಿ ಅದ, ಎಲ್‌ವಿಎಂನಾಗ (ಡಿಸ್ಕಿನ ಜಾಗ ವಾಲ್ಯೂಮ್ ಅಂತ ಪಾಲು ಮಾಡೋ ಲಿನಕ್ಸ್ ವ್ಯವಸ್ಥಾ) ಜಾಗ ಹ್ಯಾಂಗ ತಗೋಬೇಕ್ರಿ?

ಗಂಜ್_ಸಿಸ್ಟಂ_ಕಲಬುರಗಿ:
ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲಿ ಕಲಬುರಗಿ ಗಂಜ್‌ನಾಗ ಒಂದು ದಾಲ್ ಮಿಲ್ಲಿನ ಲೆಕ್ಕದ ಸರ್ವರ್ ನಾ ನೋಡ್ಕೋತೀನಿ, ಅಲ್ಮಾಲಿನಕ್ಸ್ 9, 1 ಟಿಬಿ ಡಿಸ್ಕ್ ಒಂದೇ ಅದ. ಹಾಕಿಕೊಟ್ಟವರು ಆಟೋಮ್ಯಾಟಿಕ್ ಪಾರ್ಟಿಶನ್ ಒತ್ತಿ ಹೋಗ್ಯಾರ, ಹಿಂಗಾಗಿ ರೂಟಿಗಿ (ಸಿಸ್ಟಮ್ ಇರೋ ಭಾಗ) 70 ಜಿಬಿ, ಉಳಿದಿದ್ದೆಲ್ಲಾ ಹೋಮಿಗಿ (ಯೂಸರ್‌ಗಳ ಫೈಲ್ ಇಡೋ ಭಾಗ). ಮಾರಿಯಾಡಿಬಿ ಡೇಟಾಬೇಸಿನ ಡೇಟಾ ವಾರ್ ಫೋಲ್ಡರ್ ಒಳಗ ಅದ ಅಂದ್ರ ರೂಟಿನಾಗೇ ಬಂತು, ಈಗ 97% ತುಂಬ್ಯಾದ. ಹೋಮಿನಾಗ ಸ್ಕ್ಯಾನ್ ಮಾಡಿದ ಬಿಲ್ ಸೇರಿ 6 ಜಿಬಿ ಸೈತ ಇಲ್ಲ. ವಿಜಿಎಸ್ ಕಮಾಂಡ್ ಹೊಡದ್ರ ವಿಫ್ರೀ, ಅಂದ್ರ ಯಾರಿಗೂ ಕೊಡದ ಜಾಗ, ಸೊನ್ನೆ ತೋರಸ್ತದ. ಡಿಸೆಂಬರ್‌ದಾಗ ಹೊಸ ತೊಗರಿ ಬರ್ಲಾಕ ಶುರು ಆತಂದ್ರ ದಿನಾ ಎಂಟ್ರಿ ಭಾಳ ಇರ್ತಾವ, ಆವಾಗ ಸರ್ವರ್ ನಿಂತ್ರ ತೂಕದ ಚೀಟಿ ಕೊಡೋದೂ ನಿಲ್ತದ. ಎಲ್‌ವಿರೆಡ್ಯೂಸ್ (ವಾಲ್ಯೂಮ್ ಕುಗ್ಗಿಸೋ ಕಮಾಂಡ್) ಹೊಡದು ಹೋಮಿಂದ 200 ಜಿಬಿ ಕಿತ್ತು ರೂಟಿಗಿ ಕೊಡು ಅಂತ ಒಬ್ರು ಹೇಳ್ಯಾರ. ಮಾಡ್ಲೇನ್ರಿ?

ಬೀದರ್_ಲಿನಕ್ಸ್:
ಬ್ಯಾಡ್ರಿ ಅಣ್ಣೋರೆ, ಎಲ್‌ವಿರೆಡ್ಯೂಸಿಗಿ ಕೈ ಹಚ್ಚಬ್ಯಾಡ್ರಿ! ಮೊದಲ ಡಿಎಫ್ ಹೈಫನ್ ಕ್ಯಾಪಿಟಲ್ ಟಿ ಹೊಡದು ಫೈಲ್‌ಸಿಸ್ಟಂ (ಡಿಸ್ಕಿನ ಮ್ಯಾಲ ಫೈಲ್ ಜೋಡಿಸಿಡೋ ಪದ್ಧತಿ) ಯಾವ್ದು ನೋಡ್ರಿ, ಅಲ್ಮಾದಾಗ ಆಟೋಮ್ಯಾಟಿಕ್ ಕೊಟ್ಟಿದ್ರ ಅದು ಎಕ್ಸ್‌ಎಫ್‌ಎಸ್ಸೇ ಇರ್ತದ. ಎಕ್ಸ್‌ಎಫ್‌ಎಸ್ ಬೆಳೀತದ, ಆದ್ರ ಹಂಗ ಸಣ್ಣದು ಮಾಡ್ಲಾಕ ಬರಂಗಿಲ್ಲ. ಈಎಕ್ಸ್‌ಟಿ4 ಅನ್ನೋ ಇನ್ನೊಂದು ಫೈಲ್‌ಸಿಸ್ಟಂ ಇದ್ರ ಅನ್‌ಮೌಂಟ್ ಮಾಡಿ (ಸಿಸ್ಟಮಿಂದ ಬಿಡಿಸಿ), ಚೆಕ್ ಮಾಡಿ, ಮೊದಲ ಫೈಲ್‌ಸಿಸ್ಟಂ ಕುಗ್ಗಿಸಿ ಆಮ್ಯಾಲ ವಾಲ್ಯೂಮ್ ಕುಗ್ಗಸಬಹುದಿತ್ತು. ಎಕ್ಸ್‌ಎಫ್‌ಎಸ್ ಮ್ಯಾಲ ಜಬರ್‌ದಸ್ತಿ ರೆಡ್ಯೂಸ್ ಮಾಡಿದ್ರ ಫೈಲ್‌ಸಿಸ್ಟಮಿನ ಬಾಲ ಕಟ್ ಆಗ್ತದ, ಮುಂದ ಮೌಂಟೇ ಆಗಲ್ಲ.

ನಿಮ್ಮ ಹೋಮಿನಾಗ ಡೇಟಾ ಸ್ವಲ್ಪೇ ಇರೋದು ಚಲೋ ಆತು. ಅದನ್ನ ಹೊರಗಿನ ಡಿಸ್ಕಿಗಿ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ತಗೀರಿ, ಟಾರ್ ತೆರೆದು ಫೈಲ್ ಬರ್ತಾವೋ ಇಲ್ಲೋ ಖಾತ್ರಿ ಮಾಡ್ಕೋರಿ. ಆಮ್ಯಾಲ ಹೋಮ್ ಅನ್‌ಮೌಂಟ್, ಎಲ್‌ವಿರಿಮೂವ್, ಅದೇ ಹೆಸರಿಲೆ 100 ಜಿಬಿದು ಹೊಸದು ಎಲ್‌ವಿಕ್ರಿಯೇಟ್, ಮೇಕ್‌ಎಫ್‌ಎಸ್ (ಹೊಸ ಫೈಲ್‌ಸಿಸ್ಟಂ ಹಾಕೋದು), ಮೌಂಟ್, ಡೇಟಾ ವಾಪಸ್, ಕೊನಿಗಿ ರಿಸ್ಟೋರ್‌ಕಾನ್ (ಫೈಲಿನ ಭದ್ರತಾ ಗುರುತು ಸರಿ ಮಾಡೋ ಕಮಾಂಡ್) ಓಡಸ್ರಿ, ಇಲ್ಲಂದ್ರ ಭದ್ರತಾ ನೋಡೋ ಎಸ್‌ಈಲಿನಕ್ಸ್ ಲಾಗಿನ್‌ದಾಗ ತಕರಾರು ತಗೀತದ. ಎಫ್‌ಎಸ್‌ಟ್ಯಾಬ್‌ದಾಗ (ಬೂಟ್ ಆಗೋವಾಗ ಏನೇನು ಮೌಂಟ್ ಆಗಬೇಕು ಅನ್ನೋ ಪಟ್ಟಿ) ಯುಯುಐಡಿ (ಫೈಲ್‌ಸಿಸ್ಟಮಿನ ಗುರುತಿನ ನಂಬರ್) ಇದ್ರ ಬದಲಿ ಮಾಡ್ರಿ, ಮ್ಯಾಪರ್ ಹೆಸರಿದ್ರ (ವಾಲ್ಯೂಮಿನ ಹೆಸರು) ಹಂಗೇ ನಡೀತದ. ರೂಟ್ ಬೆಳಸೋದು ಭಾಳ ಸಸಾರ, ಎಲ್‌ವಿಎಕ್ಸ್‌ಟೆಂಡಿಗಿ ಹೈಫನ್ ಆರ್ ಕೊಟ್ರ ಫೈಲ್‌ಸಿಸ್ಟಮ್ಮೂ ಜೋಡಿಲೇ ಬೆಳೀತದ, ರೀಬೂಟ್ ಸೈತ ಬೇಕಿಲ್ಲ.

ಡಿಬಿ_ಅಡ್ಮಿನ್_ಯಾದಗಿರಿ:
ಬೀದರ್ ಅಣ್ಣೋರು ಹೇಳಿದ್ದು ಖರೇ ಅದ, ಆದ್ರ ಜಾಗ ತಿಂದಿದ್ದು ಯಾವ್ದು ಅಂತ ಮೊದಲ ನೋಡ್ರಿ. ಡಿಯು ಹೈಫನ್ ಎಕ್ಸ್ ಕೊಟ್ಟು ವಾರ್ ಒಳಗ ಒಂದೊಂದೇ ಫೋಲ್ಡರ್ ಅಳೀರಿ. ಬೈನರಿ ಲಾಗ್ (ಡೇಟಾಬೇಸಿನಾಗ ಆದ ಬದಲಾವಣಿ ಬರೆದಿಡೋ ಫೈಲ್) ಕೂಡಿ ಬಿದ್ದಿದ್ರ ಆರ್‌ಎಂ ಹೊಡದು ಅಳಿಸಬ್ಯಾಡ್ರಿ, ಡೇಟಾಬೇಸ್ ಒಳಗಿಂದ್ಲೇ ಪರ್ಜ್ ಬೈನರಿ ಲಾಗ್ಸ್ ಕೊಡ್ರಿ.

ಇನ್ನೊಂದು, ಖಾಲಿ ಆದದ್ದೆಲ್ಲಾ ರೂಟಿಗಿ ಸುರೀಬ್ಯಾಡ್ರಿ. ಡೇಟಾಬೇಸಿಗಿ ಬ್ಯಾರೇ ವಾಲ್ಯೂಮ್ 200 ಜಿಬಿದು ಮಾಡ್ರಿ, ಮಾರಿಯಾಡಿಬಿ ನಿಲ್ಲಿಸಿ ಡೇಟಾ ಕಾಪಿ ಮಾಡಿ ಅಲ್ಲೇ ಮೌಂಟ್ ಮಾಡ್ರಿ. ನಾಳೆ ಡೇಟಾಬೇಸ್ ತುಂಬಿದ್ರೂ ರೂಟ್ ಉಸಿರಾಡ್ತದ. ಉಳಿದದ್ದು ವಿಜಿದಾಗೇ (ಎಲ್ಲಾ ವಾಲ್ಯೂಮ್‌ಗಳ ಒಟ್ಟು ಜಾಗ) ಫ್ರೀ ಬಿಡ್ರಿ, ಬೇಕಾದವರಿಗಿ ಆವಾಗ ಕೊಡಬಹುದು, ಎಕ್ಸ್‌ಎಫ್‌ಎಸ್‌ಗ ಒಮ್ಮೆ ಕೊಟ್ಟದ್ದು ವಾಪಸ್ ಬರಲ್ಲ.

ಗಂಜ್_ಸಿಸ್ಟಂ_ಕಲಬುರಗಿ:
ಭಾಳ ಉಪಕಾರ ಆತ್ರಿ. ನೋಡಿದೆ, ಎಕ್ಸ್‌ಎಫ್‌ಎಸ್ಸೇ ಅದ. ಬೈನರಿ ಲಾಗೇ 31 ಜಿಬಿ ಆಗ್ಯಾವ. ಒಂದು ಹಳೀ 1 ಟಿಬಿ ಡಿಸ್ಕ್ ಸುಮ್ನ ಬಿದ್ದದ, ಅದನ್ನ ವಿಜಿಎಕ್ಸ್‌ಟೆಂಡ್ ಮಾಡಿ ಸೇರಿಸಿದ್ರ ಹೋಮ್ ಮುಟ್ಟೋದೇ ಬೇಕಿಲ್ಲಲ್ಲ?

ಬೀದರ್_ಲಿನಕ್ಸ್:
ಸೇರಸಬಹುದು, ನಾ ಮಾತ್ರ ಸೇರಸಂಗಿಲ್ಲ. ರೂಟ್ ಎರಡೂ ಡಿಸ್ಕಿನ ಮ್ಯಾಲ ಹಬ್ಬಿದ್ರ ಯಾವುದೊಂದು ಸತ್ರೂ ಪೂರಾ ವಾಲ್ಯೂಮ್ ಹೋಗ್ತದ, ಅದೂ ಹಳೀ ಡಿಸ್ಕ್, ನಮ್ಮ ಕಡಿ ಬ್ಯಾಸಗಿ ಬಿಸಿಲು, ಕರೆಂಟ್ ಹೋಗೋದು ಬರೋದು ಎಲ್ಲಾ ನಿಮಗ ಗೊತ್ತಿದ್ದದ್ದೇ. ಹೊಸಾ ಡಿಸ್ಕ್ ತರೋದಿದ್ರ ಡೇಟಾಬೇಸ್ ವಾಲ್ಯೂಮನ್ನ ಎಲ್‌ವಿಕನ್ವರ್ಟ್‌ಲೆ ರೈಡ್1 ಮಾಡ್ರಿ, ಎರಡೂ ಕಡಿ ಒಂದೇ ಡೇಟಾ ಇರ್ತದ. ಹಳೀದನ್ನ ಬ್ಯಾಕಪ್ಪಿಗಿ ಇಡ್ರಿ.

ಡಿಬಿ_ಅಡ್ಮಿನ್_ಯಾದಗಿರಿ:
ಬ್ಯಾಕಪ್ ಅಂದ್ರ ಸ್ನ್ಯಾಪ್‌ಶಾಟ್ (ವಾಲ್ಯೂಮ್ ಆ ಹೊತ್ತಿಗಿ ಹ್ಯಾಂಗಿತ್ತೋ ಹಂಗ ಹಿಡಿದಿಡೋದು) ಅಲ್ರಿ ಮತ್ತ, ಅದೂ ಅದೇ ಡಿಸ್ಕಿನ ಮ್ಯಾಲೇ ಕೂಡ್ತದ. ಫ್ರೀ ಇದ್ದದ್ರಾಗ 20 ಜಿಬಿ ಸ್ನ್ಯಾಪ್‌ಶಾಟ್ ತಗೊಂಡು, ಅದನ್ನ ರೀಡ್‌ಓನ್ಲಿ ಮತ್ತು ನೋಯುಯುಐಡಿ ಕೊಟ್ಟು ಮೌಂಟ್ ಮಾಡಿ, ಹೊರಗ ಕಾಪಿ ಮಾಡ್ರಿ, ಮುಗದ ಕೂಡ್ಲೆ ತಗದುಬಿಡ್ರಿ. ನೋಯುಯುಐಡಿ ಬಿಟ್ರ ಯುಯುಐಡಿ ಡೂಪ್ಲಿಕೇಟ್ ಅಂತ ಎಕ್ಸ್‌ಎಫ್‌ಎಸ್ ಮೌಂಟ್ ಆಗಂಗಿಲ್ಲ, ಸ್ನ್ಯಾಪ್‌ಶಾಟ್ ತುಂಬಿ ಹೋದ್ರ ಅದು ಕೆಲಸಕ್ಕ ಬರಂಗಿಲ್ಲ.

ಗಂಜ್_ಸಿಸ್ಟಂ_ಕಲಬುರಗಿ:
ಆತ್ರಿ, ಇವತ್ತು ಲಾಗ್ ಪರ್ಜ್ ಮಾಡ್ತೀನಿ, ಐತವಾರ ಮಿಲ್ ಬಂದ್ ಇರ್ತದ, ಆವಾಗ ಹೋಮಿನ ಕೆಲಸ. ನನ್ನ ಯೂಸರಿಂದ ಲಾಗಿನ್ ಆಗಿ ಸುಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಹೊಡದ್ರ ನಡೀತದೇನ್ರಿ?

ಬೀದರ್_ಲಿನಕ್ಸ್:
ಇಲ್ರಿ, ನೀವೇ ಹೋಮಿನಾಗ ಕುಂತಿದ್ರ ಅದು ಅನ್‌ಮೌಂಟ್ ಆಗಂಗಿಲ್ಲ, ಟಾರ್ಗೆಟ್ ಬಿಜಿ ಅಂತದ. ಸರ್ವರ್ ಮುಂದೇ ಕುಂತು ಕನ್ಸೋಲ್‌ದಾಗ ರೂಟ್ ಅನ್ನೋ ಅಡ್ಮಿನ್ ಯೂಸರ್ ಆಗೇ ಲಾಗಿನ್ ಆಗ್ರಿ. ಆಮ್ಯಾಲೂ ಬಿಜಿ ಅಂದ್ರ ಫ್ಯೂಸರ್ ಹೈಫನ್ ವಿಎಂ ಕೊಟ್ಟು ಯಾರು ಹಿಡದಾರ ನೋಡ್ರಿ, ಹೆಚ್ಚಾಗಿ ಸಾಂಬಾ (ನೆಟ್‌ವರ್ಕ್‌ದಾಗ ಫೈಲ್ ಹಂಚೋ ಸರ್ವಿಸ್) ಹಿಡದಿರ್ತದ, ಅದನ್ನ ಮೊದಲ ನಿಲ್ಲಸ್ರಿ.