ಓವರ್‌ನ ಮೊದಲ ಬಾಲ್ ನುಂಗೋ ಜಾಹೀರಾತು: ಏನಾದ್ರೂ ಉಪಾಯ ಇದೆಯಾ?

ಸಿಲ್ಲಿ_ಪಾಯಿಂಟ್:
ಐಪಿಎಲ್ ಟಿವಿಲಿ ನೋಡೋವಾಗ ಆರನೇ ಬಾಲ್ ಕೀಪರ್ ಕೈ ಸೇರೋದೇ ತಡ, ಜಾಹೀರಾತು. ವಾಪಸ್ ಬರೋಷ್ಟರಲ್ಲಿ ಬೌಲರ್ ಅರ್ಧ ರನಪ್ ಮುಗಿಸಿರ್ತಾನೆ. ಓವರ್ ಮಧ್ಯೆಯೂ ಚಿತ್ರ ಕುಗ್ಗಿಸಿ ಪಕ್ಕದಲ್ಲಿ, ಕೆಳಗೆ ಪಟ್ಟಿ ಹಾಕ್ತಾರೆ. ಝೂಮ್ ಮಾಡಿದ್ರೆ ಸ್ಕೋರೇ ಕಾಣಲ್ಲ. ನಿಯಮ ಅಂತ ಏನೂ ಇಲ್ವಾ? ತಪ್ಪಿಸೋಕೆ ದಾರಿ ಇದ್ರೆ ಹೇಳಿ.

ಪಿಸಿಆರ್_ಮೂಲೆ:
ಎಲ್ಲಾ ಜಾಹೀರಾತೂ ಒಬ್ಬರ ಕೆಲಸ ಅಲ್ಲ. ಹುಲ್ಲಿನ ಮೇಲಿನ ಲೋಗೊ, ಬೌಂಡರಿಯ ಎಲ್‌ಇಡಿ, ಟೈಮ್‌ಔಟ್‌ಗೆ ಅಂಟಿಸಿದ ಹೆಸರು ಆಯೋಜಕರು ಮಾರಿದ್ದು. ಮೊದಲ ವರ್ಷಗಳಲ್ಲಿ ಸಿಕ್ಸ್ ಹೊಡೆದರೆ ಕಾಮೆಂಟೇಟರ್‌ಗಳು 'ಡಿಎಲ್‌ಎಫ್ ಮ್ಯಾಕ್ಸಿಮಮ್' ಅಂತಿದ್ದದ್ದು, 2010ರಲ್ಲಿ ಕ್ಯಾಮೆರಾ ಪದೇ ಪದೇ ಎಂಆರ್‌ಎಫ್ ಬ್ಲಿಂಪ್ (ಆಕಾಶದಲ್ಲಿ ತೇಲೋ ಜಾಹೀರಾತು ಬಲೂನ್) ಕಡೆ ತಿರುಗ್ತಿದ್ದದ್ದು ಇದೇ ಜಾತಿ. ಚಿತ್ರದಲ್ಲೇ ಇರುತ್ತೆ, ತೆಗೆಯೋಕಾಗಲ್ಲ.

ನೀವು ಹೇಳ್ತಿರೋ ಎಲ್-ಬ್ಯಾಂಡ್ (ಚಿತ್ರ ಕುಗ್ಗಿಸಿ ಪಕ್ಕ, ಕೆಳಗೆ L ಆಕಾರದಲ್ಲಿ ಬರೋದು), ಆಸ್ಟನ್ ಪಟ್ಟಿ (ಚಿತ್ರದ ಕೆಳಭಾಗದ ಮೇಲೇ ಬರೋದು), ಓವರ್ ಬ್ರೇಕ್ ಮೂರೂ ಚಾನೆಲ್‌ನವು. ಸ್ಲಾಟ್ ಮಾರೋದು 10 ಸೆಕೆಂಡ್ ಲೆಕ್ಕದಲ್ಲಿ. ಎರಡು ಓವರ್‌ಗಳ ನಡುವಿನ ಬಿಡುವು ಸುಮಾರು 40 ಸೆಕೆಂಡ್, ಅಂದ್ರೆ ನಾಲ್ಕು ಸ್ಲಾಟ್. ಸ್ಪಿನ್ನರ್ ಬಂದು ಫೀಲ್ಡ್ ಬದಲಾಗದೇ ಇದ್ರೆ ಬಿಡುವು 30ಕ್ಕೆ ಇಳಿಯುತ್ತೆ, ಆದ್ರೆ ಬ್ರೇಕ್ ಆಗಲೇ ಶುರುವಾಗಿರುತ್ತೆ. ಮಧ್ಯೆ ಕತ್ತರಿಸಿದ್ರೆ ಕೊನೇ ಸ್ಲಾಟ್‌ನ ದುಡ್ಡು ಬರಲ್ಲ, ಹಾಗಾಗಿ ಬಾಲ್ ಹೋಗುತ್ತೆ. 2023–27ರ ಟಿವಿ ಹಕ್ಕು 410 ಪಂದ್ಯಕ್ಕೆ 23,575 ಕೋಟಿಗೆ ಹೋಯ್ತು. ಪಂದ್ಯಕ್ಕೆ 57.5 ಕೋಟಿ! ಬಾಲ್‌ಗಿಂತ ಸ್ಲಾಟ್ ಮುಖ್ಯ ಆಗೋದು ಇಲ್ಲಿಂದ.

ನಿಯಮ_ಪುಸ್ತಕ:
ನಿಯಮ ಇದೆ ಸಾರ್. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳು, 1994, ನಿಯಮ 7(10): ಜಾಹೀರಾತು ಕಾರ್ಯಕ್ರಮದಿಂದ ಬೇರೆ ಅಂತ ಗೊತ್ತಾಗಬೇಕು, ಪರದೆಯ ಕೆಳಭಾಗದಲ್ಲಿ ಬರಹ ಓಡಿಸಿ ಕಾರ್ಯಕ್ರಮಕ್ಕೆ ಅಡ್ಡ ಬರಬಾರದು. 7(11): ಗಂಟೆಗೆ 12 ನಿಮಿಷ ಮೀರಬಾರದು, ಅದರಲ್ಲಿ 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2012ರಲ್ಲಿ ಇನ್ನೂ ಬಿಗಿ ಮಾಡಿತ್ತು: ಲೈವ್ ಆಟದಲ್ಲಿ ಬಿಡುವಿದ್ದಾಗ ಮಾತ್ರ, ಅದೂ ಪೂರ್ತಿ ಪರದೆಯಲ್ಲಿ. 2013ರ ತಿದ್ದುಪಡಿಯಲ್ಲಿ ಅದನ್ನ ಕೈಬಿಟ್ಟು 12 ನಿಮಿಷದ ಮಿತಿ ಮಾತ್ರ ಉಳಿಸಿಕೊಂಡ್ರು. ನಿಜವಾದ ಪೆಟ್ಟು ಬಿದ್ದದ್ದು ಅಲ್ಲೇ.

ದೂರು ಕೊಡೋದಾದ್ರೆ ಚಾನೆಲ್ ಹೆಸರು, ದಿನಾಂಕ, ಎಷ್ಟನೇ ಓವರ್, ಗಡಿಯಾರದ ಸಮಯ ಬರೆದು, ಪಟ್ಟಿ ಆಟ ಮುಚ್ಚಿದ್ದು ಕಾಣೋ ಫೋಟೋ ಹಾಕಿ ಚಾನೆಲ್‌ನ ದೂರು ಅಧಿಕಾರಿಗೆ ಕಳಿಸಿ. 2021ರ ತಿದ್ದುಪಡಿ ಪ್ರಕಾರ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ ಬರಬೇಕು. ಒಪ್ಪಿಗೆ ಆಗದಿದ್ರೆ ಮತ್ತೆ 15 ದಿನದೊಳಗೆ ಸ್ವನಿಯಂತ್ರಣ ಸಂಸ್ಥೆಗೆ (ಚಾನೆಲ್‌ಗಳೇ ಸೇರಿ ಮಾಡಿಕೊಂಡಿರೋದು) ಮೇಲ್ಮನವಿ. 'ಜಾಹೀರಾತು ಜಾಸ್ತಿ' ಅಂತಷ್ಟೇ ಬರೆದ ದೂರಿಗೆ ಕಿಮ್ಮತ್ತಿಲ್ಲ; 7(10) ಅಂತ ಹೆಸರಿಸಿ.

ಸಿಲ್ಲಿ_ಪಾಯಿಂಟ್:
ಥ್ಯಾಂಕ್ಸ್. ದೂರು ಸರಿ, ಆದ್ರೆ ಇವತ್ತಿನ ಮ್ಯಾಚ್‌ಗೆ? ಆ್ಯಪ್‌ನಲ್ಲಿ ನೋಡಿದ್ರೆ ವಾಸಿನಾ?

ತಡವಾಗಿ_ನೋಡು:
ಆ್ಯಪ್ ಏನೂ ವಾಸಿಯಲ್ಲ ಮಾರಾಯ್ರೆ. ಅಲ್ಲಿ ಜಾಹೀರಾತು ಸರ್ವರ್‌ನಲ್ಲೇ (ಕಂಪನಿ ಕಡೆಯ ಕಂಪ್ಯೂಟರ್‌ನಲ್ಲೇ) ವಿಡಿಯೊಗೆ ಹೊಲಿದು ಬರುತ್ತೆ. ವಿಡಿಯೊ ಕೆಲವು ಸೆಕೆಂಡುಗಳ ತುಂಡುಗಳಾಗಿ ಬರೋದ್ರಿಂದ ಜಾಹೀರಾತಿನ ಉದ್ದ ಬಿಡುವಿಗೆ ಸರಿಹೊಂದದಿದ್ರೆ ಅಲ್ಲೂ ಬಾಲ್ ತಪ್ಪುತ್ತೆ.

ರೆಕಾರ್ಡಿಂಗ್ ಇರೋ ಡಿಟಿಎಚ್ ಬಾಕ್ಸ್ ಇದ್ರೆ ಪೂರ್ತಿ ಮ್ಯಾಚ್ ರೆಕಾರ್ಡಿಂಗ್‌ಗೆ ಹಾಕಿ ತಡವಾಗಿ ಕೂತ್ಕೊಳ್ಳಿ. ಎರಡೂ ಇನಿಂಗ್ಸ್ ಸೇರಿ 38 ಓವರ್ ಬಿಡುವು, 40 ಸೆಕೆಂಡ್‌ನಂತೆ 25 ನಿಮಿಷ. ಎರಡೂವರೆ ನಿಮಿಷದ ನಾಲ್ಕು ಟೈಮ್‌ಔಟ್ 10 ನಿಮಿಷ. ಮೇಲೆ ಇನಿಂಗ್ಸ್ ವಿರಾಮ. 45 ನಿಮಿಷ ತಡವಾಗಿ ಶುರು ಮಾಡಿ ಹಾರಿಸ್ತಾ ಹೋದ್ರೆ ಕೊನೇ ಓವರ್‌ಗಳಿಗೆ ಲೈವ್ ಹತ್ತಿರ ಬರ್ತೀರ. ನುಂಗಿದ ಬಾಲ್ ಮಾತ್ರ ರೆಕಾರ್ಡಿಂಗ್‌ನಲ್ಲೂ ಇರಲ್ಲ, ಪಟ್ಟಿಯೂ ಹೋಗಲ್ಲ. ಫೋನ್ ಬೇರೆ ರೂಮಲ್ಲಿಡಿ, ಇಲ್ಲಾಂದ್ರೆ ವಾಟ್ಸಾಪ್ ಗ್ರೂಪ್ ಮೊದಲೇ ವಿಕೆಟ್ ಹೇಳಿಬಿಡುತ್ತೆ. ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡೋ ಬಾಕ್ಸ್ ಆದ್ರೆ, ಬಾಕ್ಸೇ ಪೆನ್‌ಡ್ರೈವನ್ನ ಮೊದಲು ಫಾರ್ಮ್ಯಾಟ್ ಮಾಡಿಬಿಡಬಹುದು, ಒಳಗಿದ್ದದ್ದೆಲ್ಲ ಹೋಗುತ್ತೆ. ಖಾಲಿ ಪೆನ್‌ಡ್ರೈವನ್ನೇ ಹಾಕಿ.