"ಮದುವಿ ಆಗಿ ಹ್ವಾದ್ರ ಸಾಲ ಯಾರ ಕಟ್ತಾರ?"

ಗದಗ ರೊಟ್ಟಿಮನಿ:
ನನಗ 24 ವರ್ಷ, ಬಿ.ಕಾಂ. ಆಗೇತಿ. ಅವ್ವ, ನಾನು, ಓಣ್ಯಾಗಿನ ಇಬ್ಬರು ಕೂಡಿ ದಿನಾ 400 ಖಡಕ್ ರೊಟ್ಟಿ ಬಡದು ಮೂರು ಖಾನಾವಳಿಗೆ ಕೊಡ್ತೀವಿ. ಇನ್ನೂ ಕೇಳ್ತಾರ, ನಮ್ಮ ಕೈ ಸಾಲಂಗಿಲ್ಲ. ರೊಟ್ಟಿ ಮಷೀನು, ಹಿಟ್ಟು ನಾದೋ ಮಷೀನು ಸೇರಿ 2.4 ಲಕ್ಷದ ಕೊಟೇಷನ್ ಹಿಡ್ಕೊಂಡು ಮುದ್ರಾ ಸಾಲಕ್ಕ ಬ್ಯಾಂಕಿಗೆ ಹೋಗಿದ್ದೆ. ಎರಡು ವರ್ಷದ ಲೆಕ್ಕದ ಪುಸ್ತಕ ಮುಂದಿಟ್ರ ತೆಗದೂ ನೋಡ್ಲಿಲ್ಲ. "ನಾಳೆ ಮದುವಿ ಆಗಿ ಹ್ವಾದ್ರ ಸಾಲ ಯಾರ ಕಟ್ತಾರ? ಅಪ್ಪನ್ನರ ತಮ್ಮನ್ನರ ಕರ್ಕೊಂಡು ಬಾ" ಅಂದ್ರು. ಅಪ್ಪ ಇಲ್ಲ. ತಮ್ಮಗ 20 ವರ್ಷ, ಇನ್ನೂ ಡಿಗ್ರಿ ಓದಾಕತ್ತಾನ, ಒಂದು ರೂಪಾಯಿ ದುಡಿಮಿ ಇಲ್ಲ. ಅವನ ಸಹಿ ನಡೀತೈತಂತ, ನಂದು ನಡಿಯಂಗಿಲ್ಲಂತ. ಯಾರಿಗರ ಹಿಂಗ ಆಗೇತೇನ್ರಿ?

ದಾವಣಗೆರೆ ಮೊಬೈಲ್ ಅಂಗಡಿ:
ತಂಗಿ, ಬೇಜಾರಾಗಬೇಡ. ನಾನು ಅಂಗಡಿ ಹಾಕುವಾಗ ನನಗೂ ಮಾವನ ಸಹಿ ಕೇಳಿದ್ದರು. ಬ್ಯಾಂಕಿನದು ಜನ ಇಟ್ಟ ದುಡ್ಡು. ಊರು ಬಿಟ್ಟು ಹೋಗುವವರಿಗೆ ಕೊಡುವಾಗ ಕೇಳಲೇಬೇಕಲ್ಲ?

ತುಮಕೂರು ಟೈಲರ್:
ಅಣ್ಣ, ನಿಮ್ಮನ್ನ "ಮದುವೆ ಆದ್ರೆ?" ಅಂತ ಕೇಳಿದ್ರಾ? ಬೆಂಗಳೂರಿಗೆ ಹೋಗಿಬಿಡೋ ಗಂಡುಹುಡುಗರು ಎಷ್ಟು ಜನ ಇಲ್ಲ!

ನಿವೃತ್ತ ಬ್ಯಾಂಕ್ ನೌಕರ, ಮೈಸೂರು:
32 ವರ್ಷ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ನಾನೂ ಕೇಳಿದ್ದೇನಮ್ಮ, ಮೇಲಿನವರು ಕೇಳುತ್ತಿದ್ದರು ಅಂತ. ತಪ್ಪು ಮಾಡಿದೆ. ಮುದ್ರಾ ಬಂದದ್ದೇ 2015ರಲ್ಲಿ, ಅಡಮಾನ ಇಡಲು ಏನೂ ಇಲ್ಲದವರಿಗಾಗಿ. ಅದರಲ್ಲಿ 50 ಸಾವಿರ ದಾಟಿ 5 ಲಕ್ಷದವರೆಗಿನ ಸಾಲದ ವರ್ಗಕ್ಕೆ ಕಿಶೋರ್ ಎನ್ನುತ್ತಾರೆ, ನಿಮ್ಮದು ಅದರಲ್ಲೇ ಬರುತ್ತದೆ. ಸಣ್ಣ ಉದ್ಯಮಗಳಿಗೆ ಇಷ್ಟು ಮೊತ್ತದ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಸಾಲ ಮುಳುಗಿದರೆ ಒಂದು ಪಾಲು ತುಂಬಿಕೊಡಲು ಸರ್ಕಾರದ ಖಾತರಿ ನಿಧಿಯೂ ಇದೆ. ಆದಾಯವೇ ಇಲ್ಲದ ಹುಡುಗನ ಸಹಿಯಿಂದ ಬ್ಯಾಂಕಿಗೆ ಯಾವ ಭದ್ರತೆ ಬಂತು? ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಡಿ. ಕೊಡುವುದಿಲ್ಲ ಎಂದರೆ ಕಾರಣವನ್ನು ಅವರು ಬರವಣಿಗೆಯಲ್ಲಿ ತಿಳಿಸಬೇಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯನ್ನೂ ವಿಚಾರಿಸಿ, ಸಬ್ಸಿಡಿ ಇದೆ.

ತುಮಕೂರು ಟೈಲರ್:
ಸರ್, ಮುದ್ರಾ ಸರಿ. ಅದಕ್ಕಿಂತ ದೊಡ್ಡ ಸಾಲ ಬೇಕಾದ್ರೆ? ಎಂಟು ಹೊಲಿಗೆ ಮಷೀನು ಹಾಕಿ ಯೂನಿಟ್ ಮಾಡೋಣ ಅಂತ ಹೋದ್ರೆ "ನಿಮ್ಮ ಹೆಸರಲ್ಲಿ ಏನಿದೆ?" ಅಂದ್ರು. ಏನೂ ಇಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ನಾನು 2016ರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದೆ.

ದಾವಣಗೆರೆ ಮೊಬೈಲ್ ಅಂಗಡಿ:
ನೀವೇ ಬಿಟ್ಟುಕೊಟ್ಟಿದ್ದಕ್ಕೆ ಬ್ಯಾಂಕಿನವರು ಏನು ಮಾಡ್ತಾರಕ್ಕ?

ತುಮಕೂರು ಟೈಲರ್:
ಮದುವೆಗೆ ಮೂರು ದಿನ ಇತ್ತು ಅಣ್ಣ. ಕೈಗೆ ಅರಿಶಿನ ಹಚ್ಚಿದ್ರು. ಆ ಹಳದಿ ಬೆರಳನ್ನೇ ಒರೆಸಿ ಇಂಕಿಗೆ ಒತ್ತಿಸಿದ್ರು. "ತವರು ಬೇಕೋ ಬೇಡ್ವೋ?" ಅಂತ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ರು. ಅದಕ್ಕೆ ಬಿಟ್ಟುಕೊಟ್ಟೆ ಅಂತಾರಾ?

ಹುಬ್ಬಳ್ಳಿ ಚಟ್ನಿಪುಡಿ:
ಸಾಲ ಸಿಕ್ಕಮ್ಯಾಲ ವಸೂಲಿ ಕಥಿ ಬ್ಯಾರೆ ಐತಿ. ಅಂಗಡಿಗೆ ಉದ್ರಿ ಮಾಲು ಹಾಕಿ ರೊಕ್ಕ ಕೇಳಿದ್ರ "ನಾಳೆ ಬಾರವಾ". ನಾಲ್ಕು ಸಲ ತಿರಗಿದೆ. ಐದನೇ ಸಲ ನಮ್ಮ ಮನಿಯವರು ಹ್ವಾದ್ರು, ಗಲ್ಲಾ ತೆಗದು ಎಣಿಸಿ ಕೊಟ್ರಂತ. ಅವತ್ತು ಭಾಳ ಅತ್ತೆ. 2023ರಾಗ ಬಸ್ ಫ್ರೀ ಆದಮ್ಯಾಲ ವಾರಕ್ಕೆರಡು ಸಲ ಧಾರವಾಡಕ್ಕ ನಾನೇ ಹೋಗಿ ಅಂಗಡಿ ಮುಂದ ನಿಲ್ತೀನಿ. ಕೊಡೋತನಕ ಹೊಸ ಮಾಲು ಇಳಸಂಗಿಲ್ಲ. ರೊಟ್ಟಿಮನಿ ತಂಗಿ, ಖಾನಾವಳಿಯವರ ಕಡೆ ವಾರದ ರೊಕ್ಕ ವಾರಕ್ಕ ತಗೋ.

ದಾವಣಗೆರೆ ಮೊಬೈಲ್ ಅಂಗಡಿ:
ಟೈಲರ್ ಅಕ್ಕ, ನಮ್ಮ ಅಕ್ಕನೂ ಹಾಗೇ ಸಹಿ ಹಾಕಿದ್ದಾಳೆ. ಸಾಕ್ಷಿ ಸಹಿ ನನ್ನದೇ. ಇವತ್ತಿನವರೆಗೆ ಅದನ್ನ ಹೀಗೆ ಯೋಚಿಸಿರಲಿಲ್ಲ.

ಗದಗ ರೊಟ್ಟಿಮನಿ:
ಅವ್ವ ಮೊನ್ನಿಂದ "ತಮ್ಮನ ಸಹಿ ಹಾಕ್ಸಿ ಮುಗಸು" ಅಂತಿದ್ಲು. ಸರ್ ಬರದಿದ್ದು ಓದಿ ಹೇಳಿದೆ. "ಹಂಗಾದ್ರ ನಿನ್ನ ಹೆಸರ್ಲೇ ಕೇಳು" ಅಂದ್ಲು. ಸೋಮವಾರ ಹೊಂಟೇನ್ರಿ. ಸರ್, ಮೂರೂ ಖಾನಾವಳಿಯವರ ಕಡಿಂದ ದಿನಕ್ಕ ಎಷ್ಟು ರೊಟ್ಟಿ ತಗೋತಾರ ಅಂತ ಬರಸ್ಕೊಂಡು ಅರ್ಜಿಗೆ ಹಚ್ಚಲೇನ್ರಿ?

ನಿವೃತ್ತ ಬ್ಯಾಂಕ್ ನೌಕರ, ಮೈಸೂರು:
ಖಂಡಿತ ಹಚ್ಚಮ್ಮ. ಅರ್ಜಿಯ ಎರಡು ಪ್ರತಿ ಮಾಡಿಸು. ನಿನ್ನ ಪ್ರತಿಯ ಮೇಲೆ ತಾರೀಕಿನ ಸಮೇತ ಸೀಲು ಬಿದ್ದ ಮೇಲೇ ಬ್ಯಾಂಕಿನ ಮೆಟ್ಟಿಲಿಳಿ.